ಅಪಾಯದಂಚಿನ ನವಜಾತ ಶಿಶು: ಮನೆಗೆ ಬಂದ ಮೇಲಿನ ಆರೈಕೆ

37 ವಾರ ತುಂಬುವ ಮೊದಲೇ ಹುಟ್ಟಿದ ಅಥವಾ 2.5 ಕೆ.ಜಿ.ಗಿಂತ ಕಡಿಮೆ ತೂಕದ ಕೂಸು ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಮನೆಗೆ ಮರಳಿದಾಗ ಬಾಗಿಲು ತಟ್ಟಬೇಕಾದವರು ಆಶಾ ಕಾರ್ಯಕರ್ತೆ. 2011ರ ಎಚ್‌ಬಿಎನ್‌ಸಿ (ನವಜಾತ ಶಿಶುವಿನ ಮನೆ ಆಧಾರಿತ ಆರೈಕೆ) ಕಾರ್ಯಕ್ರಮದ ಪ್ರಕಾರ ಆಸ್ಪತ್ರೆ ಹೆರಿಗೆಯಾದರೆ ಭೇಟಿ 3, 7, 14, 21, 28, 42ನೇ ದಿನ. ಜೋಳಿಗೆ ತಕ್ಕಡಿಯಲ್ಲಿ ತೂಕ, ಕಂಕುಳಲ್ಲಿ ಥರ್ಮಾಮೀಟರ್.

ಬೆಳವಣಿಗೆ ಅಳೆಯಲು ಪರಿಷ್ಕೃತ ವಯಸ್ಸೇ ಆಧಾರ. ಎರಡು ತಿಂಗಳು ಮೊದಲೇ ಹುಟ್ಟಿದ ಆರು ತಿಂಗಳ ಕೂಸನ್ನು ನಾಲ್ಕು ತಿಂಗಳದ್ದೆಂದೇ ನೋಡಬೇಕು. ಇನ್ನೂ ಬೋರಲಾಗಲಿಲ್ಲವೆಂದು ತಾಯಿಯನ್ನು ಹೆದರಿಸುವುದು ತಪ್ಪು.

ಕಣ್ಣಿನ ತಪಾಸಣೆ ಮಾತ್ರ ಕಾಯುವುದಿಲ್ಲ: 34 ವಾರಕ್ಕೆ ಮೊದಲು ಹುಟ್ಟಿದ ಶಿಶುವಿನ ಅಕ್ಷಿಪಟಲವನ್ನು 30 ದಿನದೊಳಗೆ ನೋಡಿಸಬೇಕು. ಹಳ್ಳಿಯ ಶಿಶುಗಳಿಗಾಗಿ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಅಕ್ಷಿಪಟಲ ತಪಾಸಣೆ ಕಾರ್ಯಕ್ರಮ ಆರಂಭಿಸಿತು. ಬೆಳವಣಿಗೆ ಕುಂಠಿತವೆನಿಸಿದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ, 2013) ಅಡಿಯ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ) ಕಳಿಸುತ್ತಾರೆ.