ಮೋಟಾರು ಗಾಡಿಯ ಹೊಗೆಪರಿವರ್ತಕ: ಕೇಡನ್ನು ಗುರುತಿಸಿ ಸರಿಪಡಿಸುವ ಕ್ರಮ

ಕಾಪು ತಾಲ್ಲೂಕಿನ ತೆಂಕ ಎರ್ಮಾಳ್, ಬಡಾ ಎರ್ಮಾಳ್ ಗ್ರಾಮಗಳಿಗೆ ಪಡುವಣ ಮಗ್ಗುಲಲ್ಲಿ ಸಮುದ್ರವಿದ್ದು, 66ನೆಯ ರಾಷ್ಟ್ರೀಯ ಹೆದ್ದಾರಿಯು ಸಮೀಪದಲ್ಲಿಯೇ ಹಾದುಹೋಗುವುದು. ತೆಂಗಿನಕಾಯಿ, ಮಲ್ಲಿಗೆ, ತರಕಾರಿ ಮುಂತಾದುವನ್ನು ಪೇಟೆಗೆ ಮುಟ್ಟಿಸುವುದಕ್ಕೆ ಈ ಕರಾವಳಿಯ ಒಕ್ಕಲುಮನೆಗಳಲ್ಲಿ ಪೆಟ್ರೋಲಿನ ಕಾರು, ವ್ಯಾನುಗಳು ಬಳಕೆಯಲ್ಲಿರುವುವು. ಇಂಥ ಗಾಡಿಯು ಏರಿನಲ್ಲಿ ಸೊರಗಿ, ಎಂಜಿನಿನ ಎಚ್ಚರಿಕೆಯ ದೀಪವು ಹೊತ್ತಿಕೊಂಡಿತೆಂದರೆ ಕ್ಯಾಟಲಿಟಿಕ್ ಕನ್ವರ್ಟರನ್ನು ಬದಲಿಸಬೇಕೆಂಬ ಮಾತು ಒಡನೆಯೇ ಬರುವುದು. ಅದರ ಕ್ರಯವು ಸಣ್ಣ ಹಿಡುವಳಿಯವನಿಗೆ ಹಗುರವಾದುದಲ್ಲ. ಪರಿವರ್ತಕವು ತಾನಾಗಿಯೇ ಕೆಡುವುದು ಅಪರೂಪ. ಬಹುಮಟ್ಟಿಗೆ ಎಂಜಿನಿನ ಬೇರೊಂದು ಕೇಡು ಅದನ್ನು ಕೆಡಿಸಿರುತ್ತದೆ. ಆ ಮೂಲವನ್ನು ಹುಡುಕದೆ ಹೊಸದನ್ನು ಜೋಡಿಸಿದರೆ ಹೊಸದೂ ಅದೇ ಗತಿಯನ್ನು ಹೊಂದುವುದು.

ಈ ಉಪಕರಣವು ಹೊಗೆಕೊಳವೆಯಲ್ಲಿ ಕೂಡಿಸಿದ ಉಕ್ಕಿನ ಡಬ್ಬಿ. ಅದರೊಳಗೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕಂಡಿಗಳುಳ್ಳ ಪಿಂಗಾಣಿಯ ಇಟ್ಟಿಗೆಯೂ, ಅದರ ಮೈಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಲೋಹಗಳ ತೆಳು ಲೇಪವೂ ಇರುವುವು. ಹೊಗೆಯು ಈ ಕಂಡಿಗಳಲ್ಲಿ ಹಾಯುವಾಗ ವಿಷವಾದ ಕಾರ್ಬನ್ ಮಾನಾಕ್ಸೈಡು ಇಂಗಾಲಾಮ್ಲವಾಗಿಯೂ, ಉರಿಯದ ಪೆಟ್ರೋಲಿನ ಅಂಶವು ಇಂಗಾಲಾಮ್ಲ ಮತ್ತು ನೀರಾವಿಯಾಗಿಯೂ, ಸಾರಜನಕದ ಆಕ್ಸೈಡುಗಳು ಸಾರಜನಕವಾಗಿಯೂ ಮಾರ್ಪಡುವುವು. ಸೀಸವು ಈ ಲೇಪಕ್ಕೆ ಪರಮಶತ್ರು. ಆದುದರಿಂದಲೇ 1995ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸು ನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಪರಿವರ್ತಕವನ್ನು ಕಡ್ಡಾಯ ಮಾಡಿದಾಗ ಸೀಸರಹಿತ ಪೆಟ್ರೋಲನ್ನೂ ಜತೆಯಲ್ಲಿ ಒದಗಿಸಬೇಕಾಯಿತು. 2000ದಲ್ಲಿ ಅದು ದೇಶದಲ್ಲೆಲ್ಲ ಜಾರಿಗೆ ಬಂದಿತು.

ಕೇಡಿನ ಮೂಲಗಳಲ್ಲಿ ಮೊದಲನೆಯದು ಕಿಡಿ ತಪ್ಪುವುದು. ಸ್ಪಾರ್ಕ್ ಪ್ಲಗ್ಗೋ ಕಾಯಿಲೋ ಕೆಟ್ಟು ಒಂದು ಸಿಲಿಂಡರು ಉರಿಯದೆ ಹೋದರೆ, ಆ ಪೆಟ್ರೋಲು ಹಸಿಯಾಗಿಯೇ ಹೊರಬಿದ್ದು ಪರಿವರ್ತಕದೊಳಗೆ ಉರಿಯುವುದು. ಶಾಖವು ಮಿತಿಮೀರಿ ಪಿಂಗಾಣಿಯು ಕರಗಿ ಕಂಡಿಗಳು ಮುಚ್ಚುವುವು. ಎಚ್ಚರಿಕೆಯ ದೀಪವು ಸುಮ್ಮನೆ ಉರಿಯದೆ ಮಿಣುಕುತ್ತಿದ್ದರೆ ಅದರ ಅರ್ಥವು ಸಾಮಾನ್ಯವಾಗಿ ಇದೇ ಆಗಿರುವುದರಿಂದ, ಗಾಡಿಯನ್ನು ಆಗಲೇ ನಿಲ್ಲಿಸತಕ್ಕದ್ದು. ಬ್ಯಾಟರಿ ಸೋತಾಗ ನಾಲ್ಕು ಮಂದಿ ಸೇರಿ ಗಾಡಿಯನ್ನು ದೂಡಿ ಚಾಲೂ ಮಾಡುವ ನಮ್ಮ ವಾಡಿಕೆಯಲ್ಲಿಯೂ ಇದೇ ಅಪಾಯವಿದೆ. ಎರಡನೆಯದು ಎಂಜಿನು ಎಣ್ಣೆಯನ್ನು ತಿನ್ನುವುದು; ಎಣ್ಣೆಯಲ್ಲಿರುವ ರಂಜಕ, ಸತುಗಳು ಲೇಪದ ಮೇಲೆ ಕುಳಿತು ಅದನ್ನು ಮಂದಗೊಳಿಸುವುವು. ಮಳೆಗಾಲದಲ್ಲಿ ಕಾದ ಡಬ್ಬಿಯನ್ನು ನಿಂತ ನೀರಿಗೆ ಇಳಿಸಿದರೆ ಒಳಗಿನ ಇಟ್ಟಿಗೆಯು ಬಿರಿಯುವುದೂ ಉಂಟು.

ಪರೀಕ್ಷೆಯನ್ನು ಸುಲಭವಾದುದರಿಂದ ಆರಂಭಿಸಬೇಕು. ಗಾಡಿ ತಣ್ಣಗಿರುವಾಗ ಡಬ್ಬಿಯನ್ನು ಮರದ ಕೊಡತಿಯಿಂದ ಮೆಲ್ಲನೆ ತಟ್ಟಿದರೆ ಗಲಗಲ ಶಬ್ದವಾಗುವುದು ಇಟ್ಟಿಗೆ ಒಡೆದುದರ ಗುರುತು. ಹೊಗೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಪೆಟ್ರೋಲು ಅತಿಯಾಗಿ ಸುರಿಯುತ್ತಿದೆಯೋ ಎಂದು ನೋಡಬೇಕು. ಆ ಬಳಿಕ ಸಂಕೇತ ಓದುವ ಯಂತ್ರವನ್ನು ಜೋಡಿಸಬೇಕು. ಪಿ 0420 ಎಂಬ ಸಂಕೇತವು ಪರಿವರ್ತಕದ ಸಾಮರ್ಥ್ಯ ಕುಗ್ಗಿದೆಯೆಂದು ಹೇಳುವುದಾದರೂ ಅದು ದೂರೇ ಹೊರತು ತೀರ್ಪಲ್ಲ. ಅದರ ಜತೆಯಲ್ಲಿ ಪಿ 0300ರಿಂದ ಪಿ 0304ರ ವರೆಗಿನ ಯಾವುದಾದರೂ ಸಂಕೇತವಿದ್ದರೆ ಕಿಡಿ ತಪ್ಪುತ್ತಿರುವುದನ್ನು ಮೊದಲು ನಿವಾರಿಸತಕ್ಕದ್ದು.

ಎರ್ಮಾಳಿನಂತಹ ಕಡಲಂಚಿನ ಊರುಗಳವರು ವಿಶೇಷವಾಗಿ ಲಕ್ಷ್ಯವಿಡಬೇಕಾದ ಸಂಗತಿ ಒಂದಿದೆ. ಉಪ್ಪುಗಾಳಿಯಿಂದ ಹೊಗೆಕೊಳವೆಯ ಬೆಸುಗೆಗಳೂ ತಿರುಪುಗಳೂ ಬೇಗನೆ ತುಕ್ಕು ಹಿಡಿಯುವುವು; ಮನೆಯಿಂದ ಹೆದ್ದಾರಿಯ ವರೆಗಷ್ಟೇ ಓಡಿ ನಿಲ್ಲುವ ಗಾಡಿಯಲ್ಲಿ ಕೊಳವೆಯು ಚೆನ್ನಾಗಿ ಕಾಯದೆ, ಒಳಗೆ ನೀರು ನಿಂತು ಒಳಮೈಯೂ ಸವೆಯುವುದು. ಹಿಂದಿನ ಆಮ್ಲಜನಕ ಸೂಚಕಕ್ಕಿಂತ ಮುಂಚೆ ಎಲ್ಲಿಯಾದರೂ ಸೂಜಿಯಷ್ಟು ತೂತಾದರೂ ಹೊರಗಿನ ಗಾಳಿ ಸೇರಿ ಸೂಚಕವು ಸುಳ್ಳು ಹೇಳುವುದು. ಆಗ ಬೇಕಾದುದು ಒಂದು ಗ್ಯಾಸ್ಕೆಟ್ಟು ಇಲ್ಲವೆ ಒಂದು ಬೆಸುಗೆ, ಪರಿವರ್ತಕವಲ್ಲ.

ಸೋರುವಿಕೆಯಿಲ್ಲವೆಂದು ಖಚಿತವಾದ ಮೇಲೆ ಸೂಚಕಗಳನ್ನು ನೋಡಬಹುದು. ಸಾಮಾನ್ಯ ಜಾತಿಯ ಸೂಚಕಗಳಲ್ಲಿ, ಎಂಜಿನು ಕಾದಿರುವಾಗ, ಮುಂದಿನದರ ವೋಲ್ಟು ಬೇಗಬೇಗನೆ ಏರಿಳಿಯುವುದು, ಹಿಂದಿನದು 0.6ರಿಂದ 0.7ರ ಸುತ್ತ ನೆಮ್ಮದಿಯಾಗಿ ನಿಂತಿರಬೇಕು. ಹಿಂದಿನದೂ ಮುಂದಿನದರಂತೆಯೇ ಕುಣಿಯುತ್ತಿದ್ದರೆ ಲೇಪವು ಸತ್ತಿದೆಯೆಂದು ತಿಳಿಯಬೇಕು. ಕಂಡಿಗಳು ಮುಚ್ಚಿರುವ ಸಂದೇಹವಿದ್ದಲ್ಲಿ ಮುಂದಿನ ಸೂಚಕವನ್ನು ಬಿಚ್ಚಿ ಆ ತೂತಿಗೆ ಒತ್ತಡಮಾಪಕವನ್ನು ತಿರುಪಬೇಕು. ನಿಮಿಷಕ್ಕೆ 2500 ಸುತ್ತಿನಲ್ಲಿ ಒತ್ತಡವು ಚದರ ಅಂಗುಲಕ್ಕೆ 3 ಪೌಂಡನ್ನು ಮೀರಿದರೆ ಹೊಗೆಯ ಹಾದಿ ಕಟ್ಟಿದೆ.

ಸತ್ತ ಲೇಪವನ್ನಾಗಲಿ ಕರಗಿದ ಇಟ್ಟಿಗೆಯನ್ನಾಗಲಿ ದುರಸ್ತಿ ಮಾಡುವ ಉಪಾಯವಿಲ್ಲ. ಪೆಟ್ರೋಲಿಗೆ ಬೆರೆಸುವ ಶುದ್ಧಿದ್ರವಗಳಿಂದ ಇಂಥ ಡಬ್ಬಿಯು ಬದುಕುವುದೆಂಬುದು ನಂಬತಕ್ಕ ಮಾತಲ್ಲ. ಇಟ್ಟಿಗೆಯನ್ನು ಒಡೆದು ತೆಗೆದು ಬರಿ ಡಬ್ಬಿಯನ್ನು ಮರಳಿ ಕೂಡಿಸುವ ಅಗ್ಗದ ಕೈಚಳಕವೂ ಕೆಲವೆಡೆ ಉಂಟು. ಇದು ಮೋಟಾರು ವಾಹನಗಳ 1988ರ ಕಾಯಿದೆಗೆ ವಿರುದ್ಧವಾದುದು. ಹೊಗೆ ಪರೀಕ್ಷೆಯಲ್ಲಿ ಗಾಡಿಯು ತೇರ್ಗಡೆಯಾಗದಿರುವ ಸಂಭವವೂ ಇದೆ, ಮನೆಯಂಗಳದ ಮಕ್ಕಳು ಆ ವಿಷಗಾಳಿಯನ್ನು ಉಸಿರಾಡಬೇಕಾಗುವುದೂ ಇದೆ.

ಚೆನ್ನಾಗಿರುವ ಪರಿವರ್ತಕವೂ ಕೆಲಸಮಾಡುವಾಗ ನೂರಾರು ಡಿಗ್ರಿ ಕಾದಿರುತ್ತದೆ. ಕಿಡಿ ತಪ್ಪುವ ಗಾಡಿಯಲ್ಲಿ ಇನ್ನೂ ಹೆಚ್ಚು. ಏಣೆಲು ಕೊಯ್ಲಾದ ಮೇಲೆ ಅಂಗಳದಲ್ಲಿ ಹರಡಿದ ಬೈಹುಲ್ಲಿನ ಮೇಲಾಗಲಿ, ಬೇಸಗೆಯ ಒಣ ಮುಳಿಹುಲ್ಲಿನ ಮೇಲಾಗಲಿ ಗಾಡಿಯನ್ನು ನಿಲ್ಲಿಸಕೂಡದು. ಹುಲ್ಲು ಡಬ್ಬಿಗೆ ತಗಲಿದರೆ ಬೆಂಕಿ ಹತ್ತಿ ಬಣವೆಯೂ ಹಟ್ಟಿಯೂ ಗಾಡಿಯೊಡನೆ ಹೋಗಬಹುದು.

ಹೊಸ ಪರಿವರ್ತಕವನ್ನು ಹಾಕಿಸಲೇಬೇಕಾದಾಗ ಪ್ಲಗ್ಗು, ಕಾಯಿಲು, ಎಣ್ಣೆಯ ಖರ್ಚು ಇವುಗಳ ತಪಾಸಣೆಯನ್ನು ಅದೇ ದಿನ ಮಾಡಿಸಿ, ಹಳೆಯ ಡಬ್ಬಿಯನ್ನು ಕೇಳಿ ಪಡೆಯಬೇಕು. ಕೆಟ್ಟ ಡಬ್ಬಿಯಲ್ಲಿಯೂ ಬೆಲೆಯುಳ್ಳ ಲೋಹವು ಉಳಿದಿರುವುದರಿಂದ ಗುಜರಿಯವನಿಗೆ ಕಬ್ಬಿಣದ ತೂಕಕ್ಕೆ ಕೊಡದೆ ವಿಚಾರಿಸಿ ಮಾರುವುದು ಲೇಸು. ಅದನ್ನು ಮನೆಯಲ್ಲಿ ಒಡೆಯಬಾರದು; ಒಳಗಿನ ಧೂಳು ಶ್ವಾಸಕ್ಕೆ ಕೆಟ್ಟದು.