ತಲೆದೆಸೆಗೊಂದು ರೇಡಿಯೊ

ಅಡುಗೆಮನೆಯ ರೇಡಿಯೊ ಕುಕ್ಕರ್ ಕೂಗಿನ ನಡುವೆಯೂ ಕೇಳಿಸಬೇಕು. ಹಾಸಿಗೆಯ ಪಕ್ಕದ್ದು ಹಾಗಲ್ಲ. ಮಗ್ಗುಲಲ್ಲಿ ಮಲಗಿದವರ ನಿದ್ದೆ ಕೆಡದಷ್ಟು ಮೆಲ್ಲಗೆ ಹಾಡಬೇಕು, ಆದರೂ ವಾರ್ತೆ ಓದುವವರ ಒಂದೊಂದು ಮಾತೂ ಬಿಡಿಬಿಡಿಯಾಗಿ ಕಿವಿಗೆ ಬೀಳಬೇಕು. ಕತ್ತಲಲ್ಲಿ ಕನ್ನಡಕವಿಲ್ಲದೆ ಕೈಗೆ ಸಿಗಬೇಕು, ನಿದ್ದೆ ಹತ್ತಿದ ಮೇಲೆ ತಾನಾಗಿ ಆರಿದರೆ ಇನ್ನೂ ಒಳ್ಳೆಯದು. ಇಷ್ಟಕ್ಕೆ ದುಬಾರಿ ಪೆಟ್ಟಿಗೆಯೇನೂ ಬೇಡ. ಸಾವಿರ, ಎರಡು ಸಾವಿರ ರೂಪಾಯಿಯ ಸಾದಾ ರೇಡಿಯೊ ಸಾಕು. ಮನೆಯಲ್ಲಿ ಹಳೆಯದು ಇದ್ದರೆ ಅದನ್ನೇ ಅಣಿಗೊಳಿಸಿಕೊಳ್ಳಬಹುದು.

ಅಂಗಡಿಗೆ ಹೋಗಿ ರೇಡಿಯೊ ಎಂದರೆ ಈಗ ಬಹುತೇಕ ಕಡೆ ಬ್ಲೂಟೂತ್ ಸ್ಪೀಕರ್ ಮುಂದಿಡುತ್ತಾರೆ. ಅದರಲ್ಲಿ ಎಫ್‌ಎಂ ಇರುತ್ತದೆ, ಎಎಂ ಇರುವುದಿಲ್ಲ. ಆಕಾಶವಾಣಿಯ ಬೆಂಗಳೂರು ಕೇಂದ್ರ 612 ಕಿಲೋಹರ್ಟ್ಸ್, ಧಾರವಾಡ 765, ಭದ್ರಾವತಿ 675, ಕಲಬುರಗಿ 1107. ಇವೆಲ್ಲ ಮೀಡಿಯಂ ವೇವ್, ಅಂದರೆ ಎಎಂ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುವುದರಿಂದ ಗುಡ್ಡ ಅಡ್ಡ ಬಂದಲ್ಲಿ ಸೋಲುತ್ತದೆ. ಮೀಡಿಯಂ ವೇವ್ ನೆಲವನ್ನು ಹಿಡಿದು ದೂರದವರೆಗೆ ಹರಿಯುತ್ತದೆ. ಮಲೆನಾಡಿನ ಕಣಿವೆಯ ಮನೆಗಳಲ್ಲಿ, ಉತ್ತರ ಕರ್ನಾಟಕದ ಒಂಟಿ ಹಳ್ಳಿಗಳಲ್ಲಿ ಇಂದಿಗೂ ಆಸರೆಯಾಗಿರುವುದು ಅದೇ. ಎಎಂ ಇಲ್ಲದ ಪೆಟ್ಟಿಗೆಯನ್ನು ತಲೆದೆಸೆಗೆ ತರಬೇಡಿ ಎಂದೇ ನಾನು ಹೇಳುತ್ತೇನೆ.

ರಾತ್ರಿ ಎಎಂ ಕೇಳುವ ಸುಖಕ್ಕೆ ಇನ್ನೊಂದು ಕಾರಣವಿದೆ. ಹಗಲಲ್ಲಿ ವಾಯುಮಂಡಲದ ಮೇಲಿನ ಅಯಾನುಗೋಳದ ಕೆಳಪದರ ಮೀಡಿಯಂ ವೇವನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಹಗಲಲ್ಲಿ ಸುಳಿವೇ ಇಲ್ಲದ ಹೈದರಾಬಾದ್ 738ರಲ್ಲಿ, ಚೆನ್ನೈ 720ರಲ್ಲಿ ಒಮ್ಮೆ ಏರಿ ಒಮ್ಮೆ ಇಳಿದು ಕೇಳಿಸುವುದು ಇದರಿಂದಲೇ. ಹತ್ತಿರದ ಕೇಂದ್ರದ ಮೇಲೆ ದೂರದ ದನಿ ಹತ್ತಿ ಕೂತರೂ ಕಾರಣ ಇದೇ. ರೇಡಿಯೊ ಕೆಟ್ಟಿತೆಂದು ರಿಪೇರಿಗೆ ಒಯ್ಯಬೇಡಿ.

ಮೊದಲು ಕೋಣೆ, ಆಮೇಲೆ ರೇಡಿಯೊ

ಕೊಳ್ಳುವ ಮುನ್ನ ಯಾರದಾದರೂ ಸಣ್ಣ ಟ್ರಾನ್ಸಿಸ್ಟರ್ ಕೇಳಿ ತನ್ನಿ. ಹೊಸ ಸೆಲ್ ಹಾಕಿ, ರಾತ್ರಿ ನೀವು ಮಲಗುವ ಹೊತ್ತಿನಲ್ಲೇ, ರೇಡಿಯೊ ಇಡಬೇಕೆಂದಿರುವ ಜಾಗದಲ್ಲೇ ಇಟ್ಟು ನಿಮ್ಮ ಊರಿನ ಎಎಂ ಕೇಂದ್ರ ಹಿಡಿಯಿರಿ. ಗೊರಗೊರ ಸದ್ದೇ ಹೆಚ್ಚಾಗಿ ಬಂದರೆ ತಪ್ಪು ರೇಡಿಯೊದ್ದಲ್ಲ, ಬಹುಪಾಲು ಮನೆಯದ್ದೇ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ವೈಫೈ ರೂಟರಿನ ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್: ಇವುಗಳೊಳಗೆ ಕರೆಂಟನ್ನು ಸೆಕೆಂಡಿಗೆ ಎಷ್ಟೋ ಸಲ ಕತ್ತರಿಸಿ ಜೋಡಿಸುವ ಸರ್ಕಿಟ್‌ಗಳಿವೆ. ಆ ಕತ್ತರಿಯ ಸದ್ದು ವೈರಿಂಗಿನುದ್ದಕ್ಕೂ ಹರಡಿ ನೇರ ಎಎಂಗೆ ನುಗ್ಗುತ್ತದೆ. ಎಫ್‌ಎಂಗೆ ಈ ಕಾಟ ಕಡಿಮೆ.

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮ ವರ್ಷವಿಡೀ ದೂರುತ್ತಿದ್ದರು: “ಭದ್ರಾವತಿ ಸ್ಟೇಷನ್ನೇ ಹಾಳಾಗಿದೆ ಮಾರಾಯ, ಬರೀ ಗೊರ್ ಅಂತದೆ.” ಒಂದು ರಾತ್ರಿ ಟಾರ್ಚು ಹಿಡಿದು ಮೀಟರ್ ಬೋರ್ಡಿನ ಮೇನ್ ಸ್ವಿಚ್ ಇಳಿಸಿದೆ. ಕತ್ತಲಾದ ಕೋಣೆಯಿಂದ ವಾರ್ತೆ ಎದುರು ಕೂತು ಓದಿದಷ್ಟು ಸ್ವಚ್ಛವಾಗಿ ಬಂತು. “ಅಯ್ಯೋ, ಇಷ್ಟು ಚೆನ್ನಾಗಿ ಬರ್ತದಾ?” ಎಂದರು. ಮತ್ತೆ ಮೇನ್ ಏರಿಸಿ, ಎಲ್ಲ ಆರಿಸಿಟ್ಟು, ಒಂದೊಂದೇ ಸ್ವಿಚ್ ಹಾಕುತ್ತ ಬಂದೆ. ಫ್ರಿಜ್, ಫ್ಯಾನು, ಸೊಳ್ಳೆ ಔಷಧದ ಪ್ಲಗ್ಗು, ಯಾವುದಕ್ಕೂ ಏನೂ ಆಗಲಿಲ್ಲ. ಜಗಲಿಯಲ್ಲಿ ರಾತ್ರಿಯಿಡೀ ಉರಿಯುವ ಎಲ್‌ಇಡಿ ಬಲ್ಬಿನ ಸ್ವಿಚ್ ಒತ್ತಿದ ತಕ್ಷಣ ಗೊರಗೊರ ಮರಳಿತು. ಬಲ್ಬು ಬದಲಿಸಿದೆವು, ಕೆಲಸ ಮುಗಿಯಿತು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು. ಮೇನ್ ಇಳಿಸಿದ ಮೇಲೂ ಸದ್ದು ನಿಲ್ಲದಿದ್ದರೆ ಅದು ಪಕ್ಕದ ಮನೆಯದ್ದೋ ಬೀದಿ ದೀಪದ್ದೋ ಆಗಿರಬಹುದು. ಆಗ ಕೋಣೆಯ ಇನ್ನೊಂದು ಗೋಡೆಯತ್ತ ಹೋಗಿ ನೋಡಿ. ಆರ್‌ಸಿಸಿ ಮನೆಗಳಲ್ಲಿ ಕಬ್ಬಿಣದ ಸರಳುಗಳೇ ಅಲೆಯನ್ನು ತಡೆಯುತ್ತವೆ, ತಗಡಿನ ಚಾವಣಿಯೂ ಹಾಗೆಯೇ. ಕಿಟಕಿಯ ಹತ್ತಿರ ಯಾವಾಗಲೂ ವಾಸಿ.

ತಿರುಗಿಸಿ ನೋಡಿ

ಎಎಂಗೆ ಹೊರಗೆ ಎಳೆಯುವ ಕಡ್ಡಿ ಉಪಯೋಗಕ್ಕೆ ಬರುವುದಿಲ್ಲ. ಪೆಟ್ಟಿಗೆಯೊಳಗೆ ಅಡ್ಡಲಾಗಿ, ತಾಮ್ರದ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯಿರುತ್ತದೆ. ಅದರ ಉದ್ದದ ಮೈ ಕೇಂದ್ರದ ಕಡೆಗಿದ್ದಾಗ ದನಿ ಜೋರು. ತುದಿ ಕೇಂದ್ರವನ್ನು ನೋಡಿದರೆ ದನಿ ಬಹುತೇಕ ಮಾಯ. ಆದ್ದರಿಂದ ರೇಡಿಯೊವನ್ನು ಮೇಜಿನ ಮೇಲೆ ಮೆಲ್ಲಗೆ ಪೂರ್ತಿ ಒಂದು ಸುತ್ತು ತಿರುಗಿಸಿ. ದನಿ ಅತಿ ಹೆಚ್ಚಾಗುವ ದಿಕ್ಕಿಗಿಂತ ಸದ್ದು ಅತಿ ಕಡಿಮೆಯಾಗುವ ದಿಕ್ಕನ್ನು ಹುಡುಕುವುದು ಜಾಣತನ. ದನಿ ತುಸು ಇಳಿದರೂ ಗೊರಗೊರ ಹೋಗಿದ್ದರೆ ಕಿವಿಗೆ ಅದೇ ಹಿತ. ಸಿಕ್ಕ ದಿಕ್ಕಿಗೆ ಸೀಮೆಸುಣ್ಣದಿಂದ ಮೇಜಿನ ಮೇಲೆ ಗೆರೆ ಎಳೆಯಿರಿ. ಉದ್ದಕ್ಕೆ ನಿಲ್ಲುವ ಪೆಟ್ಟಿಗೆಯಾದರೆ ಒಮ್ಮೆ ಮಲಗಿಸಿಯೂ ನೋಡಿ.

ಎಫ್‌ಎಂಗೆ ಬೇಕಾದದ್ದು ಎಳೆಯುವ ಕಡ್ಡಿಯೇ. 100 ಮೆಗಾಹರ್ಟ್ಸ್ ಸುಮಾರಿನಲ್ಲಿ ಅಲೆಯ ಉದ್ದ 3 ಮೀಟರ್, ಅದರ ಕಾಲುಭಾಗ 75 ಸೆಂಟಿಮೀಟರ್. ಕಡ್ಡಿ ಮುರಿದಿದ್ದರೆ ಅಷ್ಟೇ ಉದ್ದದ ಮಾಮೂಲಿ ವೈರನ್ನು ಮುರಿದ ಬುಡಕ್ಕೆ ಸಿಕ್ಕಿಸಿ ಕಿಟಕಿಯ ಚೌಕಟ್ಟಿನತ್ತ ಇಳಿಬಿಡಿ. ಬೆಂಗಳೂರಿನಂಥ ಊರಲ್ಲಿ ತೊಂದರೆ ತಿರುಗುಮುರುಗು. ಟ್ರಾನ್ಸ್‌ಮಿಟರ್‌ಗಳು ಹತ್ತಿರ, ಕೇಂದ್ರಗಳು ಬಹಳ, 102.9ರ ವಿವಿಧ ಭಾರತಿ ಹಾಕಿದರೆ ಪಕ್ಕದ ಖಾಸಗಿ ಕೇಂದ್ರವೂ ಇಣುಕುತ್ತದೆ. ಅಲ್ಲಿ ಕಡ್ಡಿಯನ್ನು ಉದ್ದ ಮಾಡದೆ ಪೂರ್ತಿ ಮಡಚಿ ನೋಡಿ. ಸ್ಟೀರಿಯೊ ರೇಡಿಯೊದಲ್ಲಿ ಭುಸುಗುಟ್ಟುವಿಕೆ ಇದ್ದರೆ ಮೊನೊ ಸ್ವಿಚ್ ಒತ್ತಿ. ಒಂದೇ ಸ್ಪೀಕರಿನಲ್ಲಿ, ಮೆಲುದನಿಯಲ್ಲಿ ಕೇಳುವವರು ಮೊನೊದಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು

ಪೆಟ್ಟಿಗೆ ತೆಗೆಸಿ, ಸೆಲ್ ಹಾಕಿಸಿ, ವಾಲ್ಯೂಮನ್ನು ಸೊನ್ನೆಯಿಂದ ಕೂದಲೆಳೆಯಷ್ಟು ತಿರುಗಿಸಿ. ಅಗ್ಗದ ಎಷ್ಟೋ ರೇಡಿಯೊಗಳು ನಿಶ್ಶಬ್ದದಿಂದ ಒಮ್ಮೆಲೇ ಗಟ್ಟಿದನಿಗೆ ಜಿಗಿಯುತ್ತವೆ. ಹಗಲಿಗೆ ಪರವಾಗಿಲ್ಲ, ಮಲಗುವ ಕೋಣೆಗೆ ಅವು ಬೇಡವೇ ಬೇಡ. ನಡುವೆ ಪಿಸುದನಿಯ ಹಂತ ಇರಬೇಕು. ಮೂರಿಂಚಿನ ಸ್ಪೀಕರ್ ಇದ್ದರೆ ಆ ಪಿಸುದನಿಯಲ್ಲೂ ಮಾತು ತುಂಬಿ ಬರುತ್ತದೆ, ಅಂಗೈಯಗಲದ ಪೆಟ್ಟಿಗೆಯಲ್ಲಿ ಕೀರಲಾಗುತ್ತದೆ.

ಮುಳ್ಳು ಓಡುವ ಡಯಲ್ಲೋ, ಅಂಕಿ ತೋರಿಸುವ ಡಿಜಿಟಲ್ಲೋ? ಹಿರಿಯರಿಗೆ, ಕಣ್ಣು ಮಂದವಾದವರಿಗೆ ಡಯಲ್ಲೇ ಸರಿ: ಎರಡು ತಿರುಗಣೆ, ಒಂದು ಸ್ವಿಚ್, ಅಷ್ಟೇ. ಹಲವು ಕೇಂದ್ರಗಳ ನಡುವೆ ಓಡಾಡುವವರಿಗೆ, ಗಂಟೆಯಾದ ಮೇಲೆ ತಾನಾಗಿ ಆರುವ ಸ್ಲೀಪ್ ಟೈಮರ್ ಬೇಕೆನ್ನುವವರಿಗೆ ಡಿಜಿಟಲ್ ಒಳ್ಳೆಯದು. ಆದರೆ ಅದರ ದೀಪ ಪೂರ್ತಿ ಆರುತ್ತದೆಯೇ ಎಂದು ನೋಡಿಕೊಳ್ಳಿ. ನೀಲಿ ಬೆಳಕು ರಾತ್ರಿಯಿಡೀ ಮುಖಕ್ಕೆ ಹೊಡೆಯುತ್ತಿದ್ದರೆ ಅದರ ಮೇಲೆ ಬಟ್ಟೆ ಹೊದೆಸುವ ಕೆಲಸ ಮೈಮೇಲೆ ಬರುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಗಡಿಯಾರದ ರೇಡಿಯೊಗಳ ಬಗ್ಗೆ ಎಚ್ಚರ ಬೇಕು. ಮೊದಲನೆಯದಾಗಿ ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ನೇರ ಚುಚ್ಚಿದರೆ ಸುಟ್ಟೇಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿ ಇಳಿಸಿಕೊಂಡರೂ, ಕರೆಂಟಿನ ಬಡಿತ ಎಣಿಸಿ ನಡೆಯುವ ಗಡಿಯಾರವಾದರೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅಲ್ಲಿ ಸೆಕೆಂಡಿಗೆ 60 ಬಡಿತ, ಇಲ್ಲಿ 50. ಇದಕ್ಕಿಂತ ದೊಡ್ಡ ತೊಡಕು ಎಎಂನದ್ದು. ಅಲ್ಲಿನ ಡಿಜಿಟಲ್ ರೇಡಿಯೊ ಹತ್ತು ಹತ್ತು ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ನಡೆಯುತ್ತದೆ: 610, 620. ನಮ್ಮ ಕೇಂದ್ರಗಳು ಒಂಬತ್ತರ ಹೆಜ್ಜೆಯವು. ಅದಕ್ಕೆ 612 ಸರಿಯಾಗಿ ಸಿಗದೆ ಮುಸುಕುಮುಸುಕಾಗಿ ಬರುತ್ತದೆ. 765 ಅಂತೂ 760ಕ್ಕೂ 770ಕ್ಕೂ ನಡುವೆ ಸಿಕ್ಕಿಬೀಳುತ್ತದೆ. ಕೆಲವದರ ಹಿಂಬದಿಯಲ್ಲಿ 9/10 ಎಂಬ ಸಣ್ಣ ಸ್ವಿಚ್ ಇರುತ್ತದೆ, ಇನ್ನು ಕೆಲವದರಲ್ಲಿ ಗುಂಡಿ ಒತ್ತಿ ಹಿಡಿದು ಬದಲಿಸಬಹುದು. ಅದಿಲ್ಲವಾದರೆ ಎಫ್‌ಎಂಗಷ್ಟೇ ಇಟ್ಟುಕೊಳ್ಳಿ. ಜಪಾನಿನ ಮಾರುಕಟ್ಟೆಗೆಂದೇ ಮಾಡಿದ ರೇಡಿಯೊಗಳ ಎಫ್‌ಎಂ ಪಟ್ಟಿ ಎಷ್ಟೋ ಸಲ 76ರಿಂದ ಶುರುವಾಗಿ 90-95ರ ಹತ್ತಿರ ಮುಗಿಯುತ್ತದೆ. ಮೈಸೂರಿನ 100.6 ಆಗಲಿ, ಹಾಸನದ 102.2 ಆಗಲಿ ಅದರಲ್ಲಿ ಬರುವುದೇ ಇಲ್ಲ.

ಹಳೆಯದನ್ನು ಅಣಿಗೊಳಿಸುವುದು

ಸೆಲ್ಲಿನಲ್ಲಿ ನಡೆಸಿದಾಗ ಎಎಂ ಸ್ವಚ್ಛ, ಅಡಾಪ್ಟರ್ ಹಾಕಿದರೆ ಗೊರಗೊರ ಎಂದಾದರೆ ಅಡಾಪ್ಟರೇ ಕಳ್ಳ. ಹಗುರವಾದ ಹೊಸ ಮಾದರಿಯ ಬದಲು, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ತೂಕದ ಹಳೆಯ ಮಾದರಿಯನ್ನು ಹುಡುಕಿ. ವೋಲ್ಟೇಜ್ ರೇಡಿಯೊದ ಮೇಲೆ ಬರೆದಷ್ಟೇ ಇರಲಿ. ನಡುಪಿನ್ನು ಪ್ಲಸ್ಸೋ ಮೈನಸ್ಸೋ ಎಂಬ ಗುರುತೂ ಹೊಂದಬೇಕು. ನನ್ನ ಮಟ್ಟಿಗೆ ದೊಡ್ಡ ಸೆಲ್ಲೇ ಉತ್ತಮ. ಮೆಲುದನಿಯಲ್ಲಿ ಕೇಳುವವರಿಗೆ ಅದು ಬಹುಕಾಲ ಬಾಳುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ. ಒಳಗೆ ಲಿಥಿಯಂ ಬ್ಯಾಟರಿ ಇರುವ ರೇಡಿಯೊವನ್ನು ಚಾರ್ಜಿಗೆ ಹಾಕಿ ದಿಂಬಿನ ಕೆಳಗಿಟ್ಟು ಮಲಗುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದು ಬಿಸಿಯಾಗುತ್ತದೆ, ಬ್ಯಾಟರಿ ಉಬ್ಬಿದ್ದರೆ ಬೆಂಕಿಯ ಅಪಾಯವೂ ಉಂಟು.

ಸ್ಲೀಪ್ ಟೈಮರ್ ಇಲ್ಲದ ರೇಡಿಯೊ ಅಡಾಪ್ಟರಿನಲ್ಲಿ ನಡೆಯುವುದಾದರೆ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮುಳ್ಳಿನ ಟೈಮರ್ ಸಾಕೆಟ್ಟನ್ನು ನಡುವೆ ಹಾಕಿ. ಕೇಂದ್ರ ಪ್ರಸಾರ ಮುಗಿಸಿದ ಮೇಲೆ ಉಳಿಯುವ ಬರೀ ಭುಸುಗುಟ್ಟುವಿಕೆಗೆ ಎಚ್ಚರಾಗುವುದು ಅಲ್ಲಿಗೆ ತಪ್ಪುತ್ತದೆ. ಪಕ್ಕದವರಿಗೆ ಮೆಲುದನಿಯೂ ತೊಂದರೆ ಎಂದರೆ ದಿಂಬಿನಡಿ ಇಡುವ ಚಪ್ಪಟೆ ಸ್ಪೀಕರ್ ಸಿಗುತ್ತದೆ, ಇಯರ್‌ಫೋನ್ ತೂತಿಗೆ ಸಿಕ್ಕಿಸಿದರಾಯಿತು. ಇಯರ್‌ಫೋನಿನ ಒಂದೇ ಕಿವಿಯಲ್ಲಿ ಕೇಳಿಸಿದರೆ ರೇಡಿಯೊದ ಸಾಕೆಟ್ ಮೊನೊ ಎಂದರ್ಥ, ಅದಕ್ಕೆ ಸಣ್ಣ ಕನ್ವರ್ಟರ್ ಪಿನ್ನು ಸಾಕು.

ಎಎಂ ದನಿಯೇ ಸೋತಿರುವ ಕಡೆ ಲೂಪ್ ಆಂಟೆನಾ ಕಟ್ಟಿಕೊಳ್ಳಿ. ಒಂದಡಿ ಚೌಕದ ಗಟ್ಟಿ ರಟ್ಟಿನ ಡಬ್ಬಕ್ಕೆ ಸಾದಾ ಇನ್ಸುಲೇಟೆಡ್ ವೈರನ್ನು ಹದಿನೈದರಿಂದ ಹದಿನೆಂಟು ಸುತ್ತು ಸುತ್ತಿ, ಎರಡು ತುದಿಗಳನ್ನು ಹಳೆಯ ರೇಡಿಯೊದಲ್ಲಿ ಕೇಂದ್ರ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರಿಗೆ ಬೆಸೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಗ್ಯಾಂಗ್ ಸಿಗುತ್ತದೆ, ಊರಿನ ಹಳೆಯ ರಿಪೇರಿಯವರ ಡಬ್ಬದಲ್ಲೂ ಬಿದ್ದಿರುತ್ತದೆ. ರೇಡಿಯೊಗೆ ಯಾವ ತಂತಿಯನ್ನೂ ಜೋಡಿಸುವುದು ಬೇಡ, ಕರೆಂಟೂ ಬೇಡ. ಕೇಂದ್ರ ಹಿಡಿದಿಟ್ಟು, ಒಳಗಿನ ಫೆರೈಟ್ ಕಡ್ಡಿ ಸುತ್ತುಗಳ ನಡುವೆ ತೂರಿಹೋಗುವ ದಿಕ್ಕಿಗೆ ನಿಲ್ಲುವಂತೆ ರೇಡಿಯೊವನ್ನು ಡಬ್ಬದ ಪಕ್ಕ ಇಟ್ಟು ಗ್ಯಾಂಗನ್ನು ನಿಧಾನ ತಿರುಗಿಸಿ. ಒಂದು ಬಿಂದುವಿನಲ್ಲಿ ದನಿ ತಟ್ಟನೆ ಉಬ್ಬುತ್ತದೆ. ಗ್ಯಾಂಗ್ ಪೂರ್ತಿ ಮುಚ್ಚಿದರೂ 612ರ ಹತ್ತಿರ ಉಬ್ಬದಿದ್ದರೆ ಒಂದೆರಡು ಸುತ್ತು ಸೇರಿಸಿ. 1107ರಂಥ ಮೇಲಿನ ಕೇಂದ್ರ ಸಿಗದಿದ್ದರೆ ಒಂದೆರಡು ಬಿಚ್ಚಿ.

ಮನೆಯ ಹಿರಿಯರಿಗೆ ರೇಡಿಯೊ ಕೊಡುವುದಾದರೆ ಅಂಗಡಿಯ ಡಬ್ಬದಲ್ಲೇ ಕೊಟ್ಟು ಬರಬೇಡಿ. ಸೆಲ್ ಹಾಕಿ. ಅವರಿಗೆ ಬೇಕಾದ ಕೇಂದ್ರ ಹಿಡಿಸಿ, ಡಯಲ್ಲಿನ ಆ ಜಾಗಕ್ಕೆ ಉಗುರುಬಣ್ಣದ ಚುಕ್ಕೆ ಇಡಿ. ವಾಲ್ಯೂಮ್ ತಿರುಗಣೆಗೆ ಫೆವಿಕ್ವಿಕ್ಕಿನಿಂದ ಅಕ್ಕಿಕಾಳಿನಷ್ಟು ಉಬ್ಬು ಅಂಟಿಸಿ, ಬೆರಳು ಕತ್ತಲಲ್ಲೂ ಅದನ್ನು ಓದುತ್ತದೆ. ಮೊದಲ ರಾತ್ರಿ ಅವರ ಜೊತೆ ಕೂತು, ದೀಪ ಆರಿಸಿ, ಅವರ ಕೈಯಿಂದಲೇ ಹಾಕಿಸಿ ಆರಿಸಿ ನೋಡಿ.