ಹಳೆಯ ಕಾರಿನ ಧ್ವನಿವರ್ಧಕವೂ ಒಂದು ಸಣ್ಣ ಕಂಡೆನ್ಸರೂ

ಕುಷ್ಟಗಿಯ ನಮ್ಮ ಕಾಕಾ ಅವರ ಹತ್ತಿರ ಹಳೆಯ ಮಾರುತಿ 800 ಕಾರೊಂದಿದೆ. ತತ್ವಪದಗಳನ್ನು ಹಾಕಿಕೊಂಡು ಅದರಲ್ಲಿ ಕೊಪ್ಪಳಕ್ಕೆ ಬರುವುದು ಅವರ ವಾಡಿಕೆ. ಕಳೆದ ಬೇಸಿಗೆಯಲ್ಲಿ ಒಂದು ದಿನ, "ತಮ್ಮಾ, ಡಗ್ಗಾ ಕೇಳಸ್ತೈತಿ, ತಾಳ ಕೇಳಸವಲ್ದು. ಕಿವಿ ಹೋದುವೇನೋ!" ಎಂದರು. ವಯಸ್ಸಾದಂತೆ ಮೊದಲು ಕುಂದುವುದು ಏರುಸ್ವರಗಳ ಶ್ರವಣವೇ. ಆದ್ದರಿಂದ ಅವರ ಅಂಜಿಕೆ ನಿರಾಧಾರವೆನ್ನುವಂತಿರಲಿಲ್ಲ. ಆದರೆ ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದೊಡನೆ ತಾಳ ಝಣಝಣಿಸಿತು. ಬಲಕ್ಕೆ ತಿರುಗಿಸಿದರೆ ಮಾಯ! ದೋಷವು ಕಿವಿಯದಲ್ಲ, ಬಲಗಡೆಯ ಧ್ವನಿವರ್ಧಕದ್ದೆಂದು ತಿಳಿಯಿತು.

ಇಂಥ ಧ್ವನಿವರ್ಧಕದಲ್ಲಿ ಇಳಿಸ್ವರಕ್ಕೆ ದೊಡ್ಡ ವೂಫರ್, ಏರುಸ್ವರಕ್ಕೆ ಚಿಕ್ಕ ಟ್ವೀಟರ್ ಇರುತ್ತವೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಜರಡಿಯು ಅಕ್ಕಿಯನ್ನೂ ನುಚ್ಚನ್ನೂ ಬೇರ್ಪಡಿಸುವಂತೆ, ಇವೆರಡಕ್ಕೂ ಶಬ್ದವನ್ನು ಪಾಲುಮಾಡಿ ಕೊಡುವುದೇ ಕ್ರಾಸ್‌ಓವರ್. ತಂತಿಯ ಸುರುಳಿಯು ವೇಗದ ಕಂಪನಗಳನ್ನು ತಡೆದು ಉಳಿದುದನ್ನು ವೂಫರಿಗೆ ಬಿಡುತ್ತದೆ. ಕಂಡೆನ್ಸರು ನಿಧಾನದ ಕಂಪನಗಳನ್ನು ತಡೆದು ಉಳಿದುದನ್ನು ಟ್ವೀಟರಿಗೆ ಕೊಡುತ್ತದೆ. 4 ಓಮ್ ಟ್ವೀಟರಿಗೆ 4.7 ಮೈಕ್ರೊಫ್ಯಾರಡ್ ಕಂಡೆನ್ಸರು ಹಾಕಿದರೆ, ಸೆಕೆಂಡಿಗೆ ಸುಮಾರು 8,500 ಕಂಪನಗಳಿಗಿಂತ ಕೆಳಗಿನ ಶಬ್ದ ಕ್ರಮೇಣ ಕ್ಷೀಣಿಸುತ್ತದೆ.

ಅಗ್ಗದ ಕ್ರಾಸ್‌ಓವರುಗಳಲ್ಲಿರುವುದು ಎಲೆಕ್ಟ್ರೊಲಿಟಿಕ್ ಕಂಡೆನ್ಸರು. ಅದರೊಳಗೆ ದ್ರವದಲ್ಲಿ ತೊಯ್ದ ಕಾಗದವಿರುತ್ತದೆ. ಹಿಂದಿನ ಗಾಜಿನ ಕೆಳಗೆ, ನಮ್ಮ ಭಾಗದ ಬಿಸಿಲಿನಲ್ಲಿ ವರ್ಷಾನುಗಟ್ಟಲೆ ಕುದಿದರೆ ಅದು ಒಣಗದೆ ಇದ್ದೀತೆ?

ಪರೀಕ್ಷೆ ಕಠಿಣವಲ್ಲ. ರೇಡಿಯೋ ಆರಿಸಿ, ಟ್ವೀಟರಿನ ಒಂದು ತಂತಿ ಬಿಚ್ಚಿ, ಮಲ್ಟಿಮೀಟರಿನಿಂದ ಅಳೆಯಬೇಕು. ಮೂರು ನಾಲ್ಕು ಓಮ್ ತೋರಿಸಿದರೆ ಟ್ವೀಟರು ಜೀವಂತವಿದೆ; ಏನೂ ತೋರಿಸದಿದ್ದರೆ ಸುಟ್ಟಿದೆ. ನಮ್ಮದು ಜೀವಂತವಿತ್ತು. ಬಳಿಕ ಕಂಡೆನ್ಸರಿನ ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಿ ಅಳೆದೆವು. ಮೈಮೇಲೆ 4.7 ಎಂದು ಬರೆದಿತ್ತು. ಒಳಗೆ ಒಂದೂ ಉಳಿದಿರಲಿಲ್ಲ.

ಬದಲಿಗೆ ಧ್ರುವರಹಿತ ಕಂಡೆನ್ಸರೇ ಬೇಕು. ಪಾಲಿಯೆಸ್ಟರಿನದು ಸಿಕ್ಕರೆ ಉತ್ತಮ, ಅದು ಒಣಗುವ ಜಾತಿಯದಲ್ಲ. ನಮಗೆ ಅಂಗಡಿಯಲ್ಲಿ ಎರಡೂ ಸಿಗಲಿಲ್ಲ. 10 ಮೈಕ್ರೊಫ್ಯಾರಡಿನ, 50 ವೋಲ್ಟಿನ ಎರಡು ಸಾಮಾನ್ಯ ಕಂಡೆನ್ಸರುಗಳ ಋಣ ತುದಿಗಳನ್ನು ಒಂದಕ್ಕೊಂದು ಕೂಡಿಸಿದೆವು. ಸಾಲಾಗಿ ಜೋಡಿಸಿದಾಗ ಬೆಲೆ ಅರ್ಧವಾಗಿ 5 ಆಗುತ್ತದೆ, ಕೆಲಸಕ್ಕೆ ಸಾಕು. "ಇನ್ನೂ ದೊಡ್ಡದು ಹಾಕಿದರೆ ಇನ್ನೂ ಚೆಂದ ಕೇಳೀತು" ಎಂದು ಗೆಳೆಯನೊಬ್ಬ ಸಲಹೆಯಿತ್ತ. ಹಾಗೆ ಮಾಡಿದ್ದರೆ ಇಳಿಸ್ವರಗಳೂ ನುಗ್ಗಿ ಟ್ವೀಟರಿನ ಕೂದಲೆಳೆಯಂಥ ತಂತಿ ಸುಡುತ್ತಿತ್ತು. ರಸ್ತೆಯ ಕುಲುಕಾಟಕ್ಕೆ ಕಾಲುಗಳು ಮುರಿಯದಂತೆ ಅಂಟು ಹಾಕಿ ಕೂಡ್ರಿಸಿದೆವು.

ಕಾಕಾ ಬಂದು ಕುಳಿತು, ಕಣ್ಣು ಮುಚ್ಚಿ, ಒಂದು ಪದ ಪೂರ್ತಿ ಕೇಳಿದರು. ಆಮೇಲೆ, "ಎಡಗಡೇದೂ ಅಷ್ಟ ಹಳೇದಲ್ಲೇನೋ?" ಎಂದರು. ಅದನ್ನೂ ಬಿಚ್ಚಿದೆವು.